ಮುಖವಿಲ್ಲದ ಪುಟ

ಜೂನ್ 24, ಮಂಗಳವಾರ

ಬಾವುಟ ವಾಪಸು ಬಂತು.

ಫಾದರ್ ರೋಷನ್ ತಾವೇ ತಂದರು. ಬೆಳಗ್ಗಿನ ಪೂಜೆ ಮುಗಿಸಿ, ಮಳೆಯಲ್ಲಿ, ಪ್ಲಾಸ್ಟಿಕ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಇಪ್ಪತ್ತೆಂಟು ವರ್ಷದಿಂದ ಇಗರ್ಜಿಗೆ ಹೊಲಿಯುತ್ತಿದ್ದೇನೆ. ಪಾದ್ರಿಗಳ ಪೂಜೆ ವಸ್ತ್ರ, ಪೀಠದ ಬಟ್ಟೆ, ಮೆರವಣಿಗೆಯ ಬಾವುಟ. ಇದುವರೆಗೆ ಒಂದೂ ವಾಪಸು ಬಂದದ್ದಿಲ್ಲ.

"ಕೂತ್ಕೊಳ್ಳಿ ಫಾದರ್, ಕಾಫಿ ಮಾಡ್ತೇನೆ."

"ಕಾಫಿ ಆಮೇಲೆ ಅಪ್ಪೊಲಿನ್ ಬಾಯಿ. ಮೊದಲು ಇದನ್ನು ಒಮ್ಮೆ ದೂರದಿಂದ ನೋಡಿ."

ಬಿಚ್ಚಿ ಬಾಗಿಲ ಹತ್ತಿರ ಎತ್ತಿ ಹಿಡಿದರು. ಸೆಪ್ಟೆಂಬರಿನ ಮೊಂತಿ ಹಬ್ಬದ, ಮಾತೆಯ ಹುಟ್ಟುಹಬ್ಬದ ಬಾವುಟ. ನೀಲಿ ರೇಷ್ಮೆ, ಸುತ್ತ ಜರಿಯ ತೆನೆ, ನಡುವೆ ಮಾತೆ ಮರಿಯಮ್ಮ. ಮುಖ ಮಾತ್ರ ಒಂದೆಳೆ ರೇಷ್ಮೆಯಲ್ಲಿ ಎರಡು ತಿಂಗಳು ಹೊಲಿದದ್ದು. ಹತ್ತಿರ ಕೂತು ಹೊಲಿಯುವವರಿಗೆ ಮುಖ ಕಾಣುವುದಿಲ್ಲ, ಎಳೆ ಮಾತ್ರ ಕಾಣುತ್ತದೆ. ನಾನು ಅಡುಗೆಮನೆಯ ಹೊಸ್ತಿಲಿಗೆ ಹೋಗಿ ತಿರುಗಿ ನೋಡಿದೆ.

ನನ್ನ ಮಗಳು. ಎಡಗಡೆಯ ಹುಬ್ಬು ಸ್ವಲ್ಪ ಮೇಲೆ. ನಗುವ ಮೊದಲು ತುಟಿ ಒತ್ತಿ ಹಿಡಿಯುತ್ತಿದ್ದಳಲ್ಲ, ಹಾಗೆಯೇ. ತೀರಿಹೋಗಿ ಹದಿನಾರು ತಿಂಗಳಾದ ಮಗಳು.

"ನಾನು ಮಾಡ್ಲಿಲ್ಲ ಫಾದರ್," ಅಂದೆ. ಕಾಫಿ ಕಪ್ಪು ಒಡೆದ ಮಕ್ಕಳು ಹೇಳುವ ಹಾಗೆ. "ಹಳೇ ಪಟದ ಮೇಲೆ ಕಾಗದ ಇಟ್ಟು ತೆಗೆದ ಗೆರೆ. ಯಾವಾಗಲೂ ಹಾಗೇ ಮಾಡುವುದು."

"ಗೊತ್ತುಂಟು. ಸಮಿತಿಯವರು ಬಿಚ್ಚಿ ನೋಡಿದ್ರು. ಯಾರೂ ಕೆಟ್ಟದಾಗಿ ಎಂತದೂ ಹೇಳ್ಲಿಲ್ಲ. ಆದರೆ ಎಲ್ಲರಿಗೂ ಗುರುತು ಸಿಕ್ಕಿತು. ಮೆರವಣಿಗೆಯಲ್ಲಿ ಜನ ಕೈಮುಗಿಯುವ ಬಾವುಟ, ಅಲ್ವಾ?"

ಮುಖ ಮಾತ್ರ ತೆಗೆದು ಬೇರೆ ಹೊಲಿಯಬೇಕು. ಆಗಸ್ಟ್ ಮೂವತ್ತಕ್ಕೆ ಹಬ್ಬದ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಶುರು, ಅದಕ್ಕೆ ಮೊದಲು ಕೊಡಬೇಕು. ಆಯಿತು ಅಂದೆ.

ಸಂಜೆ ನನ್ನ ಗಂಡ ಅಲ್ಫೋನ್ಸ್ ಗೋಡೌನ್ ಕೆಲಸ ಮುಗಿಸಿ ಬಂದರು, ಗೋಡೆಗೆ ಒರಗಿಸಿದ ಬಾವುಟ ನೋಡಿದರು. ಚಪ್ಪಲಿ ಬಿಚ್ಚಿದವರು ಮತ್ತೆ ಹಾಕಿಕೊಂಡು ಗೇಟಿನ ಹತ್ತಿರ ಹೋಗಿ ನಿಂತರು. ಕೊಡೆ ಇಲ್ಲದೆ.

ಜೂನ್ 26, ಗುರುವಾರ

ಗಲ್ಲದ ಹತ್ತಿರ ಮೂರು ಹೊಲಿಗೆ ಕತ್ತರಿಸಿದೆ. ಮೂರೇ. ಕತ್ತರಿ ಕೆಳಗಿಟ್ಟೆ.

ಬಾವುಟವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ.

ಜುಲೈ 3, ಗುರುವಾರ

ಈ ಪುಸ್ತಕ ಪಾದ್ರಿಗಳ ಭುಜದ ಅಳತೆ ಬರೆದಿಡಲು ಇಟ್ಟದ್ದು. ಹಿಂದಿನ ಪುಟಗಳು ಖಾಲಿ ಉಂಟು, ಅಲ್ಲಿ ಬರೆಯುತ್ತಿದ್ದೇನೆ. ಜಗಳ, ಪ್ರಾರ್ಥನೆ ಎಲ್ಲಾ ನನಗೆ ಕೊಂಕಣಿಯಲ್ಲೇ. ಬರೆಯಲು ಮಾತ್ರ ಊರಿನ ಶಾಲೆಯಲ್ಲಿ ಏಳನೇ ತನಕ ಕಲಿತ ಕನ್ನಡ. ಅದರಲ್ಲಿ ಬರೆದರೆ ಬೇರೆ ಯಾರದ್ದೋ ಸಂಗತಿ ಬರೆದ ಹಾಗೆ ಆಗುತ್ತದೆ.

ಇದ್ದ ಮುಖ ತೆಗೆಯಲು ಕೈ ಬಾರದೆ, ಬೇರೆ ತುಂಡು ಬಟ್ಟೆಯಲ್ಲಿ ಹೊಸ ಮುಖ ಶುರು ಮಾಡಿದ್ದೆ. ಮುಗಿದ ಮೇಲೆ ಕತ್ತರಿಸಿ ಹಳೆಯದರ ಮೇಲೆ ಕೂರಿಸಬಹುದು. ಈ ಸಲ ಬೇರೆ ಪಟ, ಬೇರೆ ಗೆರೆ. ಪ್ರತಿ ಹೊಲಿಗೆಗೂ ಎದ್ದು ಹೋಗಿ ದೂರದಿಂದ ನೋಡಿದೆ. ಐದು ದಿನ ಎಲ್ಲ ಸರಿ ಇತ್ತು. ಇವತ್ತು ಕಣ್ಣಿನ ಕೆಳಗಿನ ನೆರಳು ತುಂಬಿಸುವಾಗ ಪಕ್ಕದ ಮನೆಯ ಕುಶಲಾ ಬಂದಳು. ಅವಳಿಗೆ ಮಲ್ಲಿಗೆ ಕಟ್ಟುವ ಕೆಲಸ. ಬುಟ್ಟಿ, ಬಾಳೆನಾರು ಹಿಡಿದುಕೊಂಡು ನಮ್ಮ ಜಗಲಿಗೇ ಬರುವುದು, ಅವಳ ಮನೆಯಲ್ಲಿ ಟಿವಿಯ ಗಲಾಟೆ.

ಬುಟ್ಟಿ ಕೆಳಗಿಡುವ ಮೊದಲೇ ಹೇಳಿದಳು, "ಅಯ್ಯೊ ಬಾಯಿ, ಇವಳು ಹತ್ತನೇ ಕ್ಲಾಸಿನ ಜಾನೆಟ್ ಅಲ್ವಾ! ಕಾಮಾಲೆ ಬಂದಿತ್ತು ನೋಡಿ, ಕಣ್ಣು ಒಳಗೆ ಹೋಗಿತ್ತು, ಆಗಿನದ್ದು."

ಇಗರ್ಜಿಯ ಯಾರೂ ನನ್ನೆದುರು ಆ ಹೆಸರು ಹೇಳುವುದಿಲ್ಲ. ನಾವು ಗಂಡ ಹೆಂಡತಿಯೂ ಹೇಳುವುದಿಲ್ಲ. ಇವಳು ಹೂವಿನ ಹೆಸರು ಹೇಳಿದ ಹಾಗೆ ಹೇಳಿಬಿಟ್ಟಳು.

"ಬಾಯಿ ಮುಚ್ಚು ಕುಶಲಾ."

"ನನ್ನ ಬಾಯಿ ಮುಚ್ಚಿದ್ರೆ ನಿಮ್ಮ ಸೂಜಿ ಮುಚ್ತದಾ?"

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಅವಳು ಎದ್ದು ಹೋಗಲಿಲ್ಲ. ಒಂದು ಚೆಂಡು ಮಲ್ಲಿಗೆ ಪೂರ್ತಿ ಕಟ್ಟಿ ಮುಗಿಸಿ ಹೋದಳು.

ಜುಲೈ 9, ಬುಧವಾರ

ಪೂಜೆಯ ನಂತರ ಫಾದರ್ ಹತ್ತಿರ ಹೋಗಿ ಹೇಳಿದೆ. ಬೇರೆ ಯಾರಿಗಾದರೂ ಕೊಡಿ. ಉರ್ವದ ಅಂಗಡಿಯಲ್ಲಿ ಕಂಪ್ಯೂಟರ್ ಹೊಲಿಗೆ ಬಂದಿದೆ, ಎರಡು ಗಂಟೆಯಲ್ಲಿ ಮುಖ ಮಾಡಿಕೊಡುತ್ತಾರೆ.

"ಅವರು ಮಾಡಿದ್ದು ನೋಡಿದ್ದೇನೆ. ಅದು ಯಾರ ಮುಖವೂ ಅಲ್ಲ," ಅಂದರು. ಆಮೇಲೆ, "ಬಾಯಿ, ಮುಖವೇ ಬೇಡ ಅಂತಾದರೆ?"

ಅವರ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಒಂದು ಫೋಟೊ ತೋರಿಸಿದರು. ರೋಮಿನಲ್ಲಿ ಕಲಿಯುವಾಗ ಇವೆಲ್ಲ ನೋಡಿದ್ದಂತೆ. ಸಾವಿರದ ಇನ್ನೂರು ಮುನ್ನೂರು ವರ್ಷದ ಹಿಂದೆ, ಉತ್ತರದ ಕಡೆಯ ಚಳಿಯ ದ್ವೀಪಗಳಲ್ಲಿ ಸನ್ಯಾಸಿಗಳು ಕರುವಿನ ಚರ್ಮದ ಮೇಲೆ ಕೈಯಲ್ಲಿ ಬರೆದ ಶುಭವಾರ್ತೆಯ ಪುಸ್ತಕದ ಪುಟ. ಒಂದು ಅಕ್ಷರವೂ ಇಲ್ಲ. ಪುಟ ತುಂಬ ಗಂಟು. ಕೆಂಪು, ಹಳದಿ, ಹಸಿರು ದಾರ ಒಂದರೊಳಗೆ ಒಂದು ನುಗ್ಗಿ, ಮಡಚಿ, ಮತ್ತೆ ಹೊರಗೆ ಬಂದ ಹಾಗೆ.

"ಇದು ಬೈಬಲ್ಲಾ? ಜಮಖಾನದ ಹಾಗೆ ಉಂಟು."

ಫಾದರ್ ನಕ್ಕರು. "ಕಲಿತವರೂ ಇದಕ್ಕೆ ಜಮಖಾನದ ಪುಟ ಅಂತಲೇ ಹೇಳುವುದು. ಶುಭವಾರ್ತೆ ಶುರುವಾಗುವ ಮೊದಲು ಇಂಥದ್ದೊಂದು ಇಡೀ ಪುಟ ಇಡ್ತಿದ್ರು."

"ಯೇಸು ಎಲ್ಲಿ ಇದರಲ್ಲಿ?"

"ಹಿಂದೆ ಹೋಗಿ ನೋಡಿ. ನಿಮಗೆ ಅಭ್ಯಾಸ ಉಂಟಲ್ಲ."

ಹಿಂದೆ ಹೋದೆ. ಶಿಲುಬೆ ಕಾಣಿಸಿತು. ಅದನ್ನು ಯಾರೂ ಪ್ರತ್ಯೇಕವಾಗಿ ಬರೆದ ಹಾಗಿಲ್ಲ, ಗಂಟುಗಳೇ ಅಲ್ಲಲ್ಲಿ ತಿರುಗಿಕೊಂಡು ಜಾಗ ಮಾಡಿಕೊಟ್ಟ ಹಾಗೆ. ಹತ್ತಿರ ಬಂದರೆ ಶಿಲುಬೆ ಮಾಯ.

"ಅವರಿಗೆ ಮುಖ ಬರೀಲಿಕ್ಕೆ ಬರ್ತಿರಲಿಲ್ವಾ?"

"ಬರ್ತಿತ್ತು ಬಾಯಿ. ಅಂಥ ಪುಸ್ತಕಗಳಲ್ಲಿ ಬೇರೆ ಪುಟದಲ್ಲಿ ಮನುಷ್ಯರು ಇದ್ದಾರೆ. ಇಲ್ಲಿ ಮಾತ್ರ ಇಲ್ಲ. ಯಾಕೆ ಅಂತ ಅವರು ಬರೆದಿಟ್ಟು ಹೋಗ್ಲಿಲ್ಲ. ನನಗೆ ಅನಿಸುವುದು, ದೇವರು ಇಷ್ಟೇ ಅಂತ ಕಣ್ಣಿನ ಹಿಡಿತಕ್ಕೆ ಸಿಗಬಾರದು ಅಂತ. ಒಂದು ಎಳೆ ಹಿಡಿದು ಹೋಗಿ ನೋಡಿ."

ಬೆರಳು ಇಟ್ಟು ಹೋದೆ. ಎರಡು ಸಲ ತಪ್ಪಿತು. ಮೂರನೇ ಸಲ ಹೊರಟಲ್ಲಿಗೇ ಬಂದೆ. ಸಿಟ್ಟು ಬಂತು. ನಾನು ಚಿಕ್ಕಂದಿನಿಂದ ಮುಖ ನೋಡಿ ಬೇಡಿದವಳು. ಅಮ್ಮ ಸಾಯುವಾಗ ಪಟದ ಕಣ್ಣು ನೋಡಿಯೇ ಬೇಡಿದ್ದು.

"ಮುಖ ಇಲ್ಲದವರ ಹತ್ತಿರ ಬೇಡುವುದು ಹೇಗೆ ಫಾದರ್?"

"ನೀವು ಪೂಜೆಯಲ್ಲಿ ಕಣ್ಣು ಮುಚ್ಚಿಯೇ ಬೇಡ್ತೀರಿ. ನಾನು ಪೀಠದಿಂದ ನೋಡ್ತೇನಲ್ಲ."

ಪಾದ್ರಿಗೆ ಎದುರು ಮಾತಾಡಬಾರದು. ಚಿತ್ರ ದೊಡ್ಡದಾಗಿ ಪ್ರಿಂಟ್ ತೆಗೆದು ಕೊಟ್ಟರು. ಸಮಿತಿಗೆ ತಾವೇ ಹೇಳುತ್ತಾರಂತೆ. ಹೊಸ ಬಟ್ಟೆಯಲ್ಲಿ ಮಾಡುವುದು, ಹಳೆಯದು ನನ್ನ ಹತ್ತಿರವೇ ಇರಲಿ ಅಂದರು. ಅದಕ್ಕೇ ಒಪ್ಪಿದ್ದು. ಕತ್ತರಿ ಮುಟ್ಟುವುದು ಬೇಡವಲ್ಲ.

ಜುಲೈ 12, ಶನಿವಾರ

ಚಿತ್ರವನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಗೆರೆ ಗೆರೆಗೂ ಸೂಜಿಯಿಂದ ತೂತು ಹೊಡೆದು, ನೀಲಿ ರೇಷ್ಮೆಯ ಮೇಲೆ ಇಟ್ಟು ಬಿಳಿ ಪುಡಿ ಉಜ್ಜಿದೆ. ಹಿಂದೆ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸುತ್ತಿದ್ದೆವು. ಈಗ ಅದು ಸಿಗುವುದಿಲ್ಲ, ಟರ್ಪೆಂಟೈನ್. ಮನೆಯೆಲ್ಲ ಪೇಂಟ್ ಅಂಗಡಿಯ ವಾಸನೆ. ಕಾಗದ ಎತ್ತಿದಾಗ ಚುಕ್ಕಿ ಚುಕ್ಕಿಯಾಗಿ ಗಂಟು ಮೂಡಿತ್ತು.

ಕುಶಲಾ ಬಗ್ಗಿ ನೋಡಿದಳು. "ಓ, ನಾಗಮಂಡಲ!"

"ಎಂಥ ನಾಗಮಂಡಲ? ಇದು ಬೈಬಲ್."

"ಹೋಗಿ ಬಾಯಿ, ನನಗೆ ಕಣ್ಣಿಲ್ವಾ? ನಮ್ಮ ಊರಲ್ಲಿ ಬರೆಯುವಾಗ ಕೂತು ನೋಡಿದ್ದೇನೆ. ಐದು ಬಣ್ಣದ ಪುಡಿ, ನೆಲದ ತುಂಬ ಇದೇ ಗಂಟು. ತಲೆ ಮಾತ್ರ ಇದಕ್ಕೆ ಇಲ್ಲ. ಹಾವಿನ ತಲೆ ಎಲ್ಲಿಟ್ಟಿರಿ?"

"ಇದು ಹಾವಲ್ಲ ಮಾರಾಯ್ತಿ. ಸಾವಿರ ವರ್ಷದ ಹಿಂದೆ ಸಮುದ್ರದ ಆಚೆ ಸನ್ಯಾಸಿಗಳು ಬರೆದದ್ದು."

"ಹಾಗಾದ್ರೆ ಅವರಿಗೆ ನಮ್ಮವರು ಯಾರೋ ಹೇಳಿಕೊಟ್ಟಿದ್ದಾರೆ. ಮೀನಿನ ಬೋಟಿನಲ್ಲಿ ಹೋಗಿ."

ನಗು ಬಂತು. ನಕ್ಕು ಬಹಳ ದಿನ ಆಗಿತ್ತೋ ಏನೋ, ಗಂಟಲು ನೋವಾಯಿತು.

ಅವಳೇ ಹೇಳಿಕೊಟ್ಟಳು, ಗುಟ್ಟು ಏನಿಲ್ಲ. ದಾರ ಒಂದು ಸಲ ಮೇಲೆ ಹೋದರೆ ಮುಂದಿನ ಸಲ ಕೆಳಗೆ ಹೋಗಬೇಕು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಎಲ್ಲಿಯೂ ಎರಡು ಸಲ ಮೇಲೆ ಬರುವ ಹಾಗಿಲ್ಲ.

"ಅಷ್ಟು ಚಂದ ಬರೆದದ್ದನ್ನು ಕೊನೆಗೆ ಎಂತ ಮಾಡ್ತೀರಿ?" ಕೇಳಿದೆ.

"ಅಳಿಸುವುದು. ಪುಡಿಯನ್ನು ಪ್ರಸಾದ ಅಂತ ಹಂಚುವುದು. ಮತ್ತೆ, ಇಟ್ಟುಕೊಳ್ಳಲಿಕ್ಕೆ ಅದೇನು ಕ್ಯಾಲೆಂಡರಾ?"

ಜುಲೈ 16, ಬುಧವಾರ

ಕಾರ್ಮೆಲ್ ಮಾತೆಯ ಹಬ್ಬ. ಪೂಜೆಗೆ ಹೋಗಿ ಬಂದು ಕೂತೆ. ಎರಡು ಜರಿ ಎಳೆ ಜೊತೆಗೆ ಮಲಗಿಸಿ, ಸಣ್ಣ ಹಳದಿ ದಾರದಿಂದ ಹಿಡಿಯುತ್ತಾ ಹೋಗುವುದು. ಮೇಲೆ ಅಂದರೆ "ನಮೋ ಮರಿಯಾ", ಕೆಳಗೆ ಅಂದರೆ "ಸಂತ ಮರಿಯಾ". ಒಂದೇ ಪ್ರಾರ್ಥನೆಯ ಎರಡು ಅರ್ಧ, ಹಾಗೆ ಲೆಕ್ಕ ಇಟ್ಟುಕೊಂಡರೆ ತಪ್ಪುವುದಿಲ್ಲ. ಒಂದು ಮೂಲೆ ಆಗುವಾಗ ಒಂದು ತೇರ್ಸ, ಪೂರ್ತಿ ಜಪಮಾಲೆ, ಮುಗಿಯುತ್ತದೆ.

ಆದರೂ ಇದು ಜಮಖಾನವೇ. ಕೈ ಮುಗಿಯಬೇಕು ಅಂತ ಆಗುವುದಿಲ್ಲ.

ಜುಲೈ 19, ಶನಿವಾರ

ಮಧ್ಯಾಹ್ನ ಅಲ್ಫೋನ್ಸ್ ಊಟದ ತಟ್ಟೆ ನೋಡುತ್ತಾ ಹೇಳಿದರು, "ಪೊಲ್ಲು, ಆ ಹಳೇ ಬಾವುಟ ಹಿತೇಶನಿಗೆ ಒಮ್ಮೆ ನೋಡಬೇಕಂತೆ."

ಮೀನಿನ ಸಾರಿನ ಸೌಟು ಕೈಯಲ್ಲೇ ಉಳಿಯಿತು. "ಅವನಿಗೆ ಯಾರು ಹೇಳಿದ್ದು?"

"ನಾನು."

"ಅವನು ನಿಮಗೆಲ್ಲಿ ಸಿಕ್ಕಿದ?"

"ತಿಂಗಳಿಗೊಮ್ಮೆ ಉಳ್ಳಾಲಕ್ಕೆ ಹೋಗ್ತೇನೆ." ಅಷ್ಟು ಹೇಳಿ ಅನ್ನ ಕಲಸಿದರು. "ಹದಿನಾರು ತಿಂಗಳಿಂದ."

ಆ ಹುಡುಗನ ಹೆಸರು ಈ ಮನೆಯಲ್ಲಿ ಹೇಳಬಾರದು ಅಂತ ನಾನು ಹಾಕಿದ ಕಟ್ಟು. ಅವನಿಂದಲೇ ನನ್ನ ಮಗಳು ಇಗರ್ಜಿ ಬಿಟ್ಟು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮದುವೆಯಾದದ್ದು. ಇಬ್ಬರೂ ಒಂದೇ ಆಸ್ಪತ್ರೆ, ಅವಳು ನರ್ಸು, ಅವನು ಎಕ್ಸ್‌ರೇ ತೆಗೆಯುವವನು. ನೋಡುವುದು ಬೇಡ ಅಂದೆ. ನನ್ನ ಹೊಲಿಗೆ ನನ್ನ ಮನೆಯಲ್ಲಿ ಇರುತ್ತದೆ, ಪ್ರದರ್ಶನಕ್ಕೆ ಇಟ್ಟದ್ದಲ್ಲ ಅಂದೆ. ಇನ್ನೂ ಏನೇನೋ ಅಂದೆ.

ಅಲ್ಫೋನ್ಸ್ ತಟ್ಟೆ ತೊಳೆದಿಟ್ಟು ಮಲಗಿದರು. ನಾನು ಸಂಜೆಯ ತನಕ ಹೊಲಿದೆ. ಒಂದು ಇಡೀ ತಿರುವು ಮುಗಿಯಿತು.

ಆಗಸ್ಟ್ 2, ಶನಿವಾರ

ತಪ್ಪು ಸಿಕ್ಕಿತು. ನನಗಲ್ಲ, ಕುಶಲಾಳಿಗೆ. ಹೂ ಕಟ್ಟುತ್ತಾ ಸುಮ್ಮನೆ ಬೆರಳು ಓಡಿಸುತ್ತಿದ್ದಳು. "ಬಾಯಿ, ಇಲ್ಲಿ ಮೇಲೆ. ಇಲ್ಲಿಯೂ ಮೇಲೆ."

ಭೂತಗನ್ನಡಿ ಹಿಡಿದು ನೋಡಿದೆ. ನಿಜ. ಎಡ ಮೂಲೆಯ ತಿರುವು, ಜುಲೈ ಹತ್ತೊಂಬತ್ತಕ್ಕೆ, ಆ ಜಗಳದ ದಿನ ಹೊಲಿದದ್ದು. ಅಲ್ಲಿಂದ ಮುಂದೆ ಎಲ್ಲ ಉಲ್ಟಾ. ಕೆಳಗೆ ಹೋಗಬೇಕಾದದ್ದು ಮೇಲೆ, ಮೇಲೆ ಬರಬೇಕಾದದ್ದು ಕೆಳಗೆ. ಎರಡು ವಾರದ ಕೆಲಸ.

"ಬಿಡಿ, ಯಾರಿಗೆ ಕಾಣ್ತದೆ? ದೇವರು ನೋಡುವುದು ಮನಸ್ಸನ್ನು."

"ಮನಸ್ಸು ನೋಡಿದ್ರೆ ಇನ್ನೂ ಕಷ್ಟ ಕುಶಲಾ."

ಕಿಟಕಿಯ ಬೆಳಕಿಗೆ ಚೌಕಟ್ಟು ಎಳೆದುಕೊಂಡು ಬಿಚ್ಚಲು ಕೂತೆ. ಜರಿ ಒಮ್ಮೆ ಬಗ್ಗಿದರೆ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಬಿಸಾಡಬೇಕು. ಹಳದಿ ದಾರ ಕಡಿಯುವುದು, ಎಳೆ ಎತ್ತುವುದು, ಕಡಿಯುವುದು, ಎತ್ತುವುದು. ಕುಶಲಾ ಒಂದು ಕಡೆಯಿಂದ ಹಿಡಿದುಕೊಂಡಳು. ಮಳೆ ಬರುತ್ತಿತ್ತು. ನಾಲ್ಕು ದಿನ ಬೇಕು ಪೂರ್ತಿ ಬಿಚ್ಚಲು.

ಆಗಸ್ಟ್ 6, ಬುಧವಾರ

ಇವತ್ತು ರೂಪಾಂತರದ ಹಬ್ಬ. ಶುಭವಾರ್ತೆ ಓದಿದರು, ಬೆಟ್ಟದ ಮೇಲೆ ಪ್ರಾರ್ಥನೆ ಮಾಡುವಾಗ ಯೇಸುವಿನ ಮುಖ ಬದಲಾಯಿತು ಅಂತ. ಜೊತೆಗಿದ್ದ ಶಿಷ್ಯರಿಗೆ ನಿದ್ದೆ ಬಂದಿತ್ತಂತೆ. ಇಷ್ಟು ವರ್ಷ ಕೇಳಿದ್ದೇನೆ, ನಿದ್ದೆಯ ಮಾತು ಇವತ್ತೇ ಕಿವಿಗೆ ಬಿದ್ದದ್ದು.

ಬರೆದುಬಿಡುತ್ತೇನೆ. ಪಾಪನಿವೇದನೆಯಲ್ಲಿ ಪಾದ್ರಿಗೆ ಹೇಳಿ ಆಗಿದೆ, ಕ್ಷಮೆಯೂ ಕೊಟ್ಟಾಗಿದೆ, ಆದರೂ ಹೋಗುವುದಿಲ್ಲ.

ಮದುವೆಯ ಮರುದಿನ ಅವಳು ಫೋನ್ ಮಾಡಿದಳು. "ಮಮ್ಮಿ, ಆದಿತ್ಯವಾರ ಬರ್ಲಾ?" ಅಂತ. ಅಷ್ಟೇ. ನಾನು ಹೇಳಿದೆ, "ಇನ್ನು ನಿನ್ನ ಮುಖ ನನಗೆ ತೋರಿಸಬೇಡ."

ಅವಳು ನನ್ನ ಮಾತು ಕೇಳದ ಹುಡುಗಿ. ಇದೊಂದನ್ನು ಕೇಳಿದಳು. ಏಳು ತಿಂಗಳು ಬರಲಿಲ್ಲ. ಫೆಬ್ರವರಿಯಲ್ಲಿ ಡ್ಯೂಟಿಯಲ್ಲೇ ಬಿದ್ದಳು, ತಲೆಯೊಳಗೆ ರಕ್ತಸ್ರಾವ. ಎರಡನೇ ದಿನ ತೀರಿಹೋದಳು. ಗಂಡನ ಮನೆಯವರ ಕ್ರಮದಲ್ಲಿ ಸುಡುವುದು ಅಂತ ಸುದ್ದಿ ಬಂತು. ಅಲ್ಫೋನ್ಸ್ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಬಾ ಪೊಲ್ಲು" ಅಂದರು. ನಾನು ಬಿಷಪರ ಪೂಜೆ ವಸ್ತ್ರಕ್ಕೆ ಅಂಚು ಹೊಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ಮುಖ ತೋರಿಸಬೇಡ ಅಂದವಳು ಯಾವ ಮುಖ ಇಟ್ಟುಕೊಂಡು ಹೋಗುವುದು? ಅದು ಹಠವಾ, ನಾಚಿಕೆಯಾ, ಈಗಲೂ ಗೊತ್ತಿಲ್ಲ. ಆ ದಿನ ಹೊಲಿದ ಅಂಚು ಬಹಳ ನೇರ ಬಂದಿತ್ತು. ಎಲ್ಲರೂ ಹೊಗಳಿದರು.

ನಮ್ಮ ಸಿಮೆಟ್ರಿಯಲ್ಲಿ ಅವಳ ಹೆಸರಿನ ಕಲ್ಲಿಲ್ಲ. ಬೂದಿ ಉಳ್ಳಾಲದ ಸಮುದ್ರದಲ್ಲಿ. ನಾನು ನೋಡದ ಮುಖವೇ ಈಗ ಸೂಜಿಯಿಂದ ಬರುತ್ತಿದೆ.

ಜಾನೆಟ್. ಬರೆದೆ.

ಆಗಸ್ಟ್ 15, ಶುಕ್ರವಾರ

ಮಾತೆಯ ಸ್ವರ್ಗಾರೋಹಣ. ಪೂಜೆ, ನಂತರ ಇಗರ್ಜಿಯ ಅಂಗಳದಲ್ಲಿ ಧ್ವಜ. ಬಿಚ್ಚಿದ್ದೆಲ್ಲ ಮತ್ತೆ ಹೊಲಿದಾಯಿತು. ನಡುವಿನ ಶಿಲುಬೆಯೊಂದು ಬಾಕಿ.

ನಮ್ಮ ವಾರ್ಡಿನ ಮುಖ್ಯಸ್ಥರು, ಗುರಿಕಾರರು, ಬಂದು ನೋಡಿ ತಲೆ ಕೆರೆದುಕೊಂಡರು. "ಮಾತೆಯ ಬಾವುಟದಲ್ಲಿ ಮಾತೆಯೇ ಇಲ್ಲವಲ್ಲ ಬಾಯಿ?"

"ಇದ್ದಾಳೆ," ಅಂದೆ. "ಹುಡುಕಿ."

ಅವರು ಹೋದ ಮೇಲೆ ಅಲ್ಫೋನ್ಸ್‌ಗೆ ಹೇಳಿದೆ, ಹಳೆಯ ಬಾವುಟದ ಮುಖವನ್ನು ಸುತ್ತಲಿನಿಂದ ಕತ್ತರಿಸಿ ತೆಗೆಯುತ್ತೇನೆ, ಚೌಕಟ್ಟು ಹಾಕಿಸಿ ಆ ಹುಡುಗನಿಗೆ ಕೊಡುವ, ಅವನಿಗೆ ಅಷ್ಟಾದರೂ ಇರಲಿ ಅಂತ. ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಬಚ್ಚಲುಮನೆಯಲ್ಲಿ ನೀರು ಬಿಟ್ಟ ಸದ್ದು. ಬಹಳ ಹೊತ್ತು ಬಿಟ್ಟಿದ್ದರು.

ಆಗಸ್ಟ್ 20, ಬುಧವಾರ

ಉಳ್ಳಾಲಕ್ಕೆ ಹೋಗಿ ಬಂದೆವು.

ಸ್ಟೇಟ್ ಬ್ಯಾಂಕಿನ ಹತ್ತಿರ ಬಸ್ಸು ಬದಲಿಸಿದೆವು. ಚೌಕಟ್ಟು ಹಾಕಿಸಲಿಲ್ಲ. ಮುಖವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸೇತುವೆ ದಾಟುವಾಗ ಕಂಡಕ್ಟರ್ ಕೇಳಿದ, "ಬಾಯಮ್ಮ, ಮಗುವಿಗೆ ಗಾಳಿ ಬಡೀತದಾ, ಶಟರ್ ಹಾಕ್ಲಾ?" ಸುತ್ತಿದ್ದು ಹಾಗಿತ್ತು. ಅಲ್ಫೋನ್ಸ್ ಬೇಡ ಅಂದರು.

ಹಿತೇಶನ ಮನೆ ಸಮುದ್ರಕ್ಕೆ ಹತ್ತಿರ, ಅಲೆಯ ಸದ್ದು ಕೇಳುತ್ತದೆ. ನಾಯಿ ಅಲ್ಫೋನ್ಸ್‌ರನ್ನು ನೋಡಿ ಬಾಲ ಆಡಿಸಿತು. ಅವನ ತಾಯಿ, ಮುದ್ದು ಅಂತ ಹೆಸರು, ನನಗಿಂತ ಸ್ವಲ್ಪ ದೊಡ್ಡವಳು, ಬೆಲ್ಲ ನೀರು ತಂದಿಟ್ಟಳು. ಕೂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆವತ್ತು ನಾಲ್ಕು ಗಂಟೆಯ ತನಕ ಕಾದಿದ್ದೇವೆ ಬಾಯಿ," ಅಂದಳು. "ಎರಡಕ್ಕೆ ಸ್ಮಶಾನಕ್ಕೆ ತೆಗೀಬೇಕಿತ್ತು. ಇವನು ಬಿಡ್ಲಿಲ್ಲ. ತಾಯಿ ಬರ್ತಾರೆ, ಬರ್ತಾರೆ ಅಂತ."

"ಅಮ್ಮಾ," ಅಂದ ಹಿತೇಶ್.

"ಬೈದದ್ದಲ್ಲ ಮಾರಾಯ. ಕಾದದ್ದು ಅವರಿಗೆ ಗೊತ್ತಾಗಬೇಡ್ವಾ?"

ನನಗೆ ಬೆಲ್ಲ ಬಾಯಲ್ಲೇ ಉಳಿಯಿತು. ತಲೆ ತಿರುಗಿಸಿದೆ. ಗೋಡೆಯಲ್ಲಿ ಒಂದು ಹುಡುಗಿಯ ಫೋಟೊ, ಮಲ್ಲಿಗೆ ಹಾಕಿದ್ದರು. ಕುತ್ತಿಗೆಯ ತನಕ ಕತ್ತರಿಸಿದ ಕೂದಲು, ಕೆನ್ನೆ ತುಂಬಿಕೊಂಡಿದೆ, ಕಪ್ಪು ಫ್ರೇಮಿನ ದಪ್ಪ ಕನ್ನಡಕ. ಮುದ್ದುವಿಗೆ ಮಗಳಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ.

"ಇದು ಯಾರು?" ಅಂತ ಕೇಳಿಯೇಬಿಟ್ಟೆ.

ಮುದ್ದು ಮಗನ ಕಡೆ ನೋಡಿದಳು. ಆಮೇಲೆ ಫೋಟೊದ ಮೊಳೆಯಲ್ಲಿ ನೇತಾಡುತ್ತಿದ್ದ ತೇರ್ಸಮಣಿ ಕಾಣಿಸಿತು.

ಹಿತೇಶ್ ಮೆಲ್ಲಗೆ ಹೇಳಿದ, "ದೀಪಾವಳಿ ಹೊತ್ತಿಗೆ ಕನ್ನಡಕ ಹಾಕಿಸಿದ್ದು ಆಂಟಿ. ತಲೆನೋವು ಅಂತಿದ್ದಳು. ಕಣ್ಣಿಂದ ಇರಬೇಕು ಅಂತ ಎಣಿಸಿದೆವು." ಫೋಟೊದ ಮಲ್ಲಿಗೆ ಸರಿ ಮಾಡಿದ. "ಆಸ್ಪತ್ರೆಯಲ್ಲೇ ಕೆಲಸ ಇಬ್ಬರದ್ದೂ. ಆದರೂ ಕಣ್ಣಿಂದ ಅಂತ ಎಣಿಸಿದೆವು."

ನಾನು ಸುತ್ತಿದ್ದನ್ನು ಬಿಚ್ಚಿ ಕೊಟ್ಟೆ. ಅವನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬೆರಳು ತಾಗಿಸಲಿಲ್ಲ.

"ತುಂಬ ಚಂದ ಉಂಟು ಆಂಟಿ. ಇದು ನನಗೆ ಸಿಗುವ ಮೊದಲಿನ ಜಾನೆಟ್. ಇವಳು ನಿಮ್ಮವಳು." ಮತ್ತೆ ಬಟ್ಟೆ ಸುತ್ತಿ ನನ್ನ ಕೈಯಲ್ಲೇ ಇಟ್ಟ.

ಆ ಹುಡುಗನಿಗೂ ಕೂದಲು ಬೆಳ್ಳಗಾಗಿದೆ. ಮೂವತ್ತು ಆಗಿಲ್ಲ.

ಬಸ್ಸಿನಲ್ಲಿ ಅಲ್ಫೋನ್ಸ್ ಕಿಟಕಿಯ ಹತ್ತಿರ ಕೂತರು. ಆವತ್ತಿನದ್ದು ಕೇಳಬೇಕು ಅಂತ ಎರಡು ಸಲ ಬಾಯಿ ತೆರೆದೆ. ಪಂಪ್‌ವೆಲ್ ಸ್ಟಾಪ್ ಬಂತು. ಕೇಳಲಿಲ್ಲ.

ಆಗಸ್ಟ್ 21, ಗುರುವಾರ

ಏನೂ ಹೊಲಿಯಲಿಲ್ಲ.

ಆಗಸ್ಟ್ 25, ಸೋಮವಾರ

ನಡುವಿನ ಶಿಲುಬೆ ಎದ್ದು ಕಾಣಬೇಕಾದರೆ ಜರಿಯ ಅಡಿಯಲ್ಲಿ ತುಂಬು ಕೊಡಬೇಕು. ಮೆತ್ತಗಿನ ದಾರವನ್ನು ಒತ್ತಾಗಿ ಹಾಸಿ, ಹೊಲಿದು, ಅದರ ಮೇಲೆ ಜರಿ ಮಲಗಿಸುವುದು. ಯಾವಾಗಲೂ ಹಳದಿ ಹತ್ತಿ ದಾರ ಹಾಕುತ್ತೇನೆ. ಪೆಟ್ಟಿಗೆಯಲ್ಲಿ ಎರಡು ಉಂಡೆ ಇದೆ, ತೆಗೆಯಲಿಲ್ಲ.

ಬೆಳಗ್ಗೆ ಕೆಲಸ ಎಲ್ಲ ಮುಗಿಸಿ, ಮುಖವನ್ನು ಮೇಜಿನ ಮೇಲಿಟ್ಟು ಗಲ್ಲದಿಂದ ಶುರು ಮಾಡಿದೆ. ಆವತ್ತು ಮೂರು ಹೊಲಿಗೆ ಬಿಚ್ಚಿದ ಜಾಗದಿಂದಲೇ. ರೇಷ್ಮೆ ಬಿಚ್ಚಿದರೆ ಗುಂಗುರು ಗುಂಗುರಾಗಿ ಬರುತ್ತದೆ, ಮತ್ತೆ ಹೊಲಿಯಲು ಆಗುವುದಿಲ್ಲ. ತುಂಬಿಗೆ ಆಗುತ್ತದೆ. ಕೆನ್ನೆಯದ್ದು ಗೋಧಿ ಬಣ್ಣ, ತುಟಿಯದ್ದು ಜಂಬುನೇರಳೆಯ ಒಳಗಿನ ಬಣ್ಣ, ಹುಬ್ಬಿನದ್ದು ಕಪ್ಪು. ಬೇರೆ ಬೇರೆ ಇಟ್ಟೆ, ಆಮೇಲೆ ಒಟ್ಟಿಗೇ ಮಾಡಿದೆ.

ಕುಶಲಾ ಬಂದು ನೋಡಿದಳು. ಎಂದಿನ ಹಾಗೆ ಏನಾದರೂ ಹೇಳುತ್ತಾಳೆ ಅಂದುಕೊಂಡೆ. ಹೂವಿನ ಬುಟ್ಟಿ ದೂರ ಸರಿಸಿ, ನನ್ನ ಕಾಲ ಹತ್ತಿರ ನೆಲಕ್ಕೆ ಬಿದ್ದ ಎಳೆಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡು ಕೂತಳು.

ಕಣ್ಣು ಕೊನೆಗೆ ಬಿಚ್ಚಿದೆ. ಇವತ್ತು ಒಂದು. ಇನ್ನೊಂದು ನಾಳೆ.

ಆಗಸ್ಟ್ 28, ಗುರುವಾರ

ಜರಿ ಹಾಕಿ ಮುಚ್ಚಿಯಾಯಿತು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಇಡೀ ದಿನ ಕೂತಿದ್ದೆ. ಏನೂ ಬೇಡಲಿಲ್ಲ. ಬೇಡಲು ಮರೆತುಹೋಯಿತು.

ಸಂಜೆ ಕೊಟ್ಟು ಬಂದೆ. ಫಾದರ್ ರೋಷನ್ ಶಿಲುಬೆಯ ಮೇಲೆ ಕೈಯಾಡಿಸಿ, "ನಡುವೆ ಒಳ್ಳೆ ದಪ್ಪ ಬಂದಿದೆ ಬಾಯಿ, ಒಳಗೆ ಎಂತ ಹಾಕಿದ್ದೀರಿ?" ಕೇಳಿದರು.

"ದಾರ ಫಾದರ್," ಅಂದೆ.

ಸೆಪ್ಟೆಂಬರ್ 8, ಸೋಮವಾರ

ಮೊಂತಿ ಹಬ್ಬ. ಒಂಬತ್ತು ದಿನದಿಂದ ಹೂ ಹಾಕುತ್ತಿದ್ದ ಮಕ್ಕಳು, ಹೊಸ ಭತ್ತದ ತೆನೆ, ಬ್ಯಾಂಡು. ಮಳೆ ಬಿಟ್ಟಿತ್ತು. ಬಾವುಟ ಎಲ್ಲರಿಗಿಂತ ಮುಂದೆ ಹೋಯಿತು. ಹಿಂದೆ ಹೆಂಗಸರ ಸಾಲಿನಲ್ಲಿ ನಾನು. "ಎಂಥದೋ ಹೊಸ ಡಿಸೈನ್" ಅಂದಳು ಒಬ್ಬಳು. ದಾರಿ ಬದಿಯಲ್ಲಿ ನಿಂತಿದ್ದ ಮುದುಕಿಯೊಬ್ಬಳು ಅದು ಹತ್ತಿರ ಬಂದಾಗ ಸುಮ್ಮನೆ ಶಿಲುಬೆಯ ಗುರುತು ಮಾಡಿಕೊಂಡಳು.

ಮನೆಗೆ ಬಂದು ಅಲ್ಫೋನ್ಸ್ ತೆನೆಯ ಕಾಳು ಸುಲಿದು, ಪುಡಿ ಮಾಡಿ ಹಾಲಿಗೆ ಹಾಕಿದರು. ಯಜಮಾನ ಹಂಚುವುದು ಕ್ರಮ. ಪ್ರಾರ್ಥನೆ ಹೇಳಿ ನನಗೊಂದು ಲೋಟ, ತಮಗೊಂದು. ದೂರದಲ್ಲಿ ಇರುವವರಿಗೆ ನಾಲ್ಕು ಕಾಳು ಕಾಗದದಲ್ಲಿ ಕಟ್ಟಿ ಕಳಿಸುವುದು. ಒಂದು ಪೊಟ್ಟಣ ಕಟ್ಟಿ ಮೇಲೆ ಉಳ್ಳಾಲ ಅಂತ ಬರೆದೆ. ನನ್ನ ಅಕ್ಷರದಲ್ಲೇ. ಅಲ್ಫೋನ್ಸ್ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು, ನಾಳೆ ಕೊಟ್ಟು ಬರುತ್ತಾರಂತೆ.

ಹರಿವೆ, ಬೆಂಡೆ, ಕೆಸುವಿನ ದಂಟು, ಎಲ್ಲ ಬಡಿಸಿ ಕೂತ ಮೇಲೆ ಕೇಳಿದೆ. ಹದಿನೆಂಟು ತಿಂಗಳು ಒಂದೇ ಮನೆಯಲ್ಲಿ ಇದ್ದು ಕೇಳದೆ ಇದ್ದದ್ದನ್ನು.

"ಆವತ್ತು ನೀವು ನೋಡಿದ್ರಲ್ಲ. ಹೇಗಿದ್ದಳು ಜಾನೆಟ್?"

ಅವರು ತುತ್ತು ಕೆಳಗಿಟ್ಟರು. ನಾನು ಈ ಮಾತು ಕೇಳಲಿ ಅಂತ ಅಷ್ಟು ದಿನವೂ ಕಾಯುತ್ತಿದ್ದರು ಅಂತ ಕಾಣುತ್ತದೆ, ಯೋಚನೆ ಮಾಡಲೇ ಇಲ್ಲ.

"ನಿದ್ದೆ ಮಾಡಿದ ಹಾಗೆ ಅಂತ ಎಲ್ಲರೂ ಹೇಳ್ತಾರೆ. ಹಾಗಿರ್ಲಿಲ್ಲ ಪೊಲ್ಲು. ಸುಸ್ತಾದ ಹಾಗಿದ್ದಳು. ಕನ್ನಡಕ ತೆಗೆದಿದ್ರು. ಅದರ ಗುರುತು ಹಾಗೇ ಇತ್ತು."

"ಎಲ್ಲಿ?"

ಎಡಗೈ ಚಾಚಿ ನನ್ನ ಮೂಗಿನ ಎರಡು ಬದಿಗೂ ಬೆರಳು ಒತ್ತಿದರು.

"ಇಲ್ಲಿ," ಅಂದರು. "ಮತ್ತೆ, ಇಲ್ಲಿ."